ಅಮೆರಿಕನ್ ಸಾಹಿತ್ಯದಲ್ಲಿ ಆಡುಭಾಷೆ

ಅಮೆರಿಕನ್ ಸಾಹಿತ್ಯದಲ್ಲಿ ಆಡುಭಾಷೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಜನರು ನಿತ್ಯ ಜೀವನದಲ್ಲಿ ಮಾತನಾಡುವ ಇಂಗ್ಲಿಷಿನ ವಿವಿಧ ರೂಪಗಳನ್ನು ಕಥೆ, ಕಾದಂಬರಿ, ಕಾವ್ಯ ಮತ್ತು ಆತ್ಮಕಥನಗಳಲ್ಲಿ ಬಳಸುವ ಪರಂಪರೆಯನ್ನು ಸೂಚಿಸುತ್ತದೆ. ಪ್ರಾದೇಶಿಕ ಉಪಭಾಷೆಗಳು, ಆಫ್ರಿಕನ್ ಅಮೆರಿಕನ್ನರ ಇಂಗ್ಲಿಷ್ ಹಾಗೂ ವಲಸಿಗರ ಮಿಶ್ರಭಾಷೆಗಳು ಇದರಲ್ಲಿ ಸೇರುತ್ತವೆ. ಈ ಪರಂಪರೆ 19ನೆಯ ಶತಮಾನದಲ್ಲಿ ಬಲಗೊಂಡು, ಇಂಗ್ಲೆಂಡಿನ ಸಾಹಿತ್ಯಕ್ಕಿಂತ ಭಿನ್ನವಾದ ದನಿಯೊಂದನ್ನು ಅಮೆರಿಕನ್ ಬರವಣಿಗೆಗೆ ನೀಡಿತು. ಆದರೆ ಯಾರ ಮಾತನ್ನು ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಎಂಬುದು ಅಲ್ಲಿ ಕೇವಲ ಶೈಲಿಯ ವಿಷಯವಾಗಿ ಉಳಿಯಲಿಲ್ಲ. ಗುಲಾಮಗಿರಿ, ಜನಾಂಗಭೇದ ಮತ್ತು ಶಿಕ್ಷಣದ ಹಕ್ಕಿನ ಪ್ರಶ್ನೆಗಳು ಅದರೊಂದಿಗೆ ಹೆಣೆದುಕೊಂಡವು. ಆದ್ದರಿಂದ ಅಮೆರಿಕದ ಇತಿಹಾಸ, ಸಂಸ್ಕೃತಿ ಮತ್ತು ಸಾಹಿತ್ಯ ಭಾಷೆಗಳನ್ನು ಒಟ್ಟಾಗಿ ಅಧ್ಯಯನ ಮಾಡುವ ವಿದ್ಯಾರ್ಥಿಗಳಿಗೆ ಇದು ಮುಖ್ಯವಾದ ಸಂಶೋಧನಾ ಕ್ಷೇತ್ರವಾಗಿದೆ.

ಹಿನ್ನೆಲೆ

ಯುರೋಪಿಯನ್ನರು ಬರುವ ಮೊದಲೇ ಉತ್ತರ ಅಮೆರಿಕದಲ್ಲಿ ನೂರಾರು ಮೂಲನಿವಾಸಿ ಭಾಷೆಗಳಿದ್ದವು. 17ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರು ತಮಗೆ ಹೊಸದಾದ ಪ್ರಾಣಿಗಳು ಮತ್ತು ಗಿಡಮರಗಳಿಗೆ ಆ ಭಾಷೆಗಳಿಂದಲೇ ಹೆಸರುಗಳನ್ನು ಪಡೆದರು. ರಕೂನ್, ಮೂಸ್, ಸ್ಕಂಕ್ ಮುಂತಾದ ಪದಗಳು ಆಲ್ಗಾಂಕ್ವಿಯನ್ ಭಾಷಾ ಕುಟುಂಬದಿಂದ ಬಂದವು. ಡಚ್ಚರಿಂದ ಬಾಸ್ ಮತ್ತು ಕುಕಿ, ಫ್ರೆಂಚರಿಂದ ಪ್ರೇರಿ, ಸ್ಪ್ಯಾನಿಷರಿಂದ ಕ್ಯಾನ್ಯನ್ ಎಂಬ ಪದಗಳು ಸೇರಿದವು. ಗುಲಾಮರಾಗಿ ಕರೆತರಲ್ಪಟ್ಟ ಆಫ್ರಿಕನ್ನರ ಭಾಷೆಗಳಿಂದ ಗಂಬೋ ಮುಂತಾದ ಪದಗಳು ಬಂದವು. ಸ್ವಾತಂತ್ರ್ಯ ಘೋಷಣೆಯಾದ 1776ರ ಹೊತ್ತಿಗಾಗಲೇ ಅಮೆರಿಕದ ಇಂಗ್ಲಿಷ್ ಶಬ್ದಸಂಪತ್ತಿನಲ್ಲಿ ಇಂಗ್ಲೆಂಡಿನ ಇಂಗ್ಲಿಷಿಗಿಂತ ಬೇರೆಯಾಗತೊಡಗಿತ್ತು.

ಈ ಬೇರೆತನಕ್ಕೆ ಶಾಸ್ತ್ರೀಯ ರೂಪ ಕೊಡಲು ಯತ್ನಿಸಿದವರಲ್ಲಿ ನೋವಾ ವೆಬ್‌ಸ್ಟರ್ (1758–1843) ಪ್ರಮುಖ. ರಾಜಕೀಯವಾಗಿ ಸ್ವತಂತ್ರವಾದ ರಾಷ್ಟ್ರಕ್ಕೆ ಭಾಷೆಯಲ್ಲಿಯೂ ತನ್ನದೇ ಆದ ಮಾನದಂಡವಿರಬೇಕು ಎಂಬುದು ಆತನ ವಾದವಾಗಿತ್ತು. 1783ರಲ್ಲಿ ಪ್ರಕಟವಾದ ಆತನ ಕಾಗುಣಿತದ ಪಠ್ಯಪುಸ್ತಕವು ಹಲವು ತಲೆಮಾರುಗಳ ಮಕ್ಕಳಿಗೆ ಓದು ಕಲಿಸಿತು. 1828ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಆತ ಹೊರತಂದನು. 'ಕಲರ್' ಪದದ 'ಯು' ಅಕ್ಷರವನ್ನು ಬಿಡುವುದು, 'ಸೆಂಟರ್' ಪದದ ಕೊನೆಯ ಎರಡು ಅಕ್ಷರಗಳ ಸ್ಥಾನವನ್ನು ಬದಲಿಸುವುದು ಮುಂತಾದ ಬದಲಾವಣೆಗಳು ಆತನ ಪುಸ್ತಕಗಳ ಮೂಲಕ ಬಳಕೆಯಲ್ಲಿ ನೆಲೆಗೊಂಡವು. ಆತ ಸೂಚಿಸಿದ ಇನ್ನು ಕೆಲವು ಸರಳ ಕಾಗುಣಿತಗಳನ್ನು ಜನರು ಒಪ್ಪಲಿಲ್ಲ. ವೆಬ್‌ಸ್ಟರ್ ಬಯಸಿದ್ದು ದೇಶಕ್ಕೆಲ್ಲ ಒಂದೇ ಬಗೆಯ ಭಾಷೆಯನ್ನು. ಮುಂದಿನ ಶತಮಾನದ ಲೇಖಕರು ಕಂಡುಕೊಂಡದ್ದು ಅದಕ್ಕೆ ವಿರುದ್ಧವಾದ ಬಹುವಿಧದ ಮಾತನ್ನು.

ಅದೇ ಕಾಲದಲ್ಲಿ ಇಂಗ್ಲಿಷೇತರ ಅಕ್ಷರ ಸಂಸ್ಕೃತಿಯೊಂದೂ ಬೆಳೆಯಿತು. ಚೆರೋಕಿ ಜನಾಂಗದ ಸೆಕ್ವೋಯಾ 1821ರ ವೇಳೆಗೆ ತನ್ನ ಭಾಷೆಗೆ ಉಚ್ಚಾರಾಂಶಗಳನ್ನು ಆಧರಿಸಿದ ಲಿಪಿಯೊಂದನ್ನು ರೂಪಿಸಿದನು. 1828ರಲ್ಲಿ 'ಚೆರೋಕಿ ಫೀನಿಕ್ಸ್' ಪತ್ರಿಕೆ ಚೆರೋಕಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಆರಂಭವಾಯಿತು. ಆದರೆ 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಆರಂಭವಾದಂತಹ ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳು ತಮ್ಮ ತಾಯ್ನುಡಿಯನ್ನು ಆಡುವುದನ್ನೇ ನಿಷೇಧಿಸಲಾಯಿತು.

ಸಾಹಿತ್ಯಿಕ ಸ್ವಾತಂತ್ರ್ಯದ ಬೇಡಿಕೆ

19ನೆಯ ಶತಮಾನದ ಆರಂಭದಲ್ಲಿ ಅಮೆರಿಕನ್ ಲೇಖಕರು ಬಹುಮಟ್ಟಿಗೆ ಇಂಗ್ಲೆಂಡಿನ ಮಾದರಿಗಳನ್ನು ಅನುಸರಿಸುತ್ತಿದ್ದರು. ಅಮೆರಿಕದ ಪುಸ್ತಕವನ್ನು ಓದುವವರಾದರೂ ಯಾರು ಎಂಬ ಅರ್ಥದ ಮೂದಲಿಕೆಯನ್ನು ಬ್ರಿಟಿಷ್ ವಿಮರ್ಶಕ ಸಿಡ್ನಿ ಸ್ಮಿತ್ 1820ರಲ್ಲಿ ಬರೆದನು. 1837ರಲ್ಲಿ ರಾಲ್ಫ್ ವಾಲ್ಡೊ ಎಮರ್ಸನ್ ಹಾರ್ವರ್ಡ್‌ನಲ್ಲಿ ಮಾಡಿದ 'ದಿ ಅಮೆರಿಕನ್ ಸ್ಕಾಲರ್' ಎಂಬ ಭಾಷಣದಲ್ಲಿ ಯುರೋಪಿನ ಮೇಲಿನ ಅವಲಂಬನೆಯನ್ನು ಬಿಟ್ಟು, ಹತ್ತಿರದ ಮತ್ತು ಸಾಮಾನ್ಯವಾದ ಬದುಕಿನ ಕಡೆಗೆ ನೋಡುವಂತೆ ಕರೆ ನೀಡಿದನು.

ಈ ಕರೆಗೆ ಕಾವ್ಯದಲ್ಲಿ ದೊರೆತ ದೊಡ್ಡ ಉತ್ತರ ವಾಲ್ಟ್ ವಿಟ್ಮನ್‌ನ 'ಲೀವ್ಸ್ ಆಫ್ ಗ್ರಾಸ್'. 1855ರಲ್ಲಿ ವಿಟ್ಮನ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಮೊದಲ ಆವೃತ್ತಿಯಲ್ಲಿ 12 ಕವಿತೆಗಳಿದ್ದವು. ಮುಖಪುಟದಲ್ಲಿ ಕವಿಯ ಹೆಸರಿರಲಿಲ್ಲ. ಅದರ ಬದಲಿಗೆ ಕೆಲಸಗಾರನ ಉಡುಪಿನಲ್ಲಿ ನಿಂತ ಆತನ ಚಿತ್ರವಿತ್ತು. ಪ್ರಾಸ ಮತ್ತು ನಿಯತ ಛಂದಸ್ಸನ್ನು ತೊರೆದ ಈ ಕಾವ್ಯವು ಬೈಬಲ್ಲಿನ ಲಯ, ಭಾಷಣಕಾರರ ಶೈಲಿ ಮತ್ತು ಬೀದಿಯ ಮಾತುಗಳನ್ನು ಒಂದುಗೂಡಿಸಿತು.

ಇದಕ್ಕೆ ವ್ಯತಿರಿಕ್ತ ಮಾರ್ಗ ಎಮಿಲಿ ಡಿಕಿನ್ಸನ್‌ಳದು (1830–1886). ಸುಮಾರು 1,800 ಕವಿತೆಗಳನ್ನು ಬರೆದ ಆಕೆಯ ಜೀವಿತಕಾಲದಲ್ಲಿ ಪ್ರಕಟವಾದವು ಸುಮಾರು ಹತ್ತು ಮಾತ್ರ. 1890ರಲ್ಲಿ ಮೊದಲ ಸಂಕಲನ ಪ್ರಕಟವಾದಾಗ ಸಂಪಾದಕರು ಆಕೆಯ ವಿರಾಮಚಿಹ್ನೆ ಮತ್ತು ಕೆಲವೆಡೆ ಪದಗಳನ್ನು ಅಂದಿನ ಅಭಿರುಚಿಗೆ ತಕ್ಕಂತೆ ತಿದ್ದಿದರು. ಹಸ್ತಪ್ರತಿಗಳಿಗೆ ನಿಷ್ಠವಾದ ಪೂರ್ಣ ಆವೃತ್ತಿಯನ್ನು ಥಾಮಸ್ ಎಚ್. ಜಾನ್ಸನ್ 1955ರಲ್ಲಿ ಹೊರತಂದನು. ಒಬ್ಬ ಕವಿಯ ಭಾಷೆಯನ್ನು ಇತರರು 'ಸರಿಪಡಿಸಿದಾಗ' ಏನನ್ನು ಕಳೆದುಕೊಳ್ಳಬಹುದು ಎಂಬುದಕ್ಕೆ ಈ ಎರಡು ಆವೃತ್ತಿಗಳ ಹೋಲಿಕೆ ಉತ್ತಮ ನಿದರ್ಶನ.

ಗುಲಾಮಗಿರಿ ಮತ್ತು ಅಕ್ಷರ

ಗುಲಾಮಗಿರಿಯಿದ್ದ ರಾಜ್ಯಗಳಲ್ಲಿ ಅಕ್ಷರಜ್ಞಾನವೇ ನಿಷಿದ್ಧ ವಸ್ತುವಾಗಿತ್ತು. ದಕ್ಷಿಣ ಕೆರೊಲಿನಾ 1740ರಲ್ಲಿಯೇ ಗುಲಾಮರಿಗೆ ಬರೆಯಲು ಕಲಿಸುವುದನ್ನು ಕಾನೂನಿನ ಮೂಲಕ ನಿಷೇಧಿಸಿತು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್‌ನ ಬಂಡಾಯ ನಡೆದ ನಂತರ ದಕ್ಷಿಣದ ಹಲವೆಡೆ ಇಂತಹ ನಿರ್ಬಂಧಗಳು ಬಿಗಿಯಾದವು. ಹೀಗಾಗಿ ಕಪ್ಪು ಲೇಖಕರ ಆರಂಭಿಕ ಕೃತಿಗಳಲ್ಲಿ ಬರೆಯುವ ಕ್ರಿಯೆಯೇ ಒಂದು ಸಾಕ್ಷ್ಯವಾಯಿತು.

ಪಶ್ಚಿಮ ಆಫ್ರಿಕದಿಂದ 1761ರಲ್ಲಿ ಬಾಲಕಿಯಾಗಿ ಬಾಸ್ಟನ್‌ಗೆ ತಂದು ಮಾರಲ್ಪಟ್ಟ ಫಿಲಿಸ್ ವೀಟ್ಲಿಗೆ ಆಕೆಯನ್ನು ಹೊತ್ತು ತಂದ ಹಡಗಿನ ಹೆಸರನ್ನೇ ಇಡಲಾಯಿತು. 1773ರಲ್ಲಿ ಆಕೆಯ ಕವನ ಸಂಕಲನ ಲಂಡನ್ನಿನಲ್ಲಿ ಪ್ರಕಟವಾಯಿತು. ಅವು ಆಕೆಯವೇ ಕವಿತೆಗಳು ಎಂದು ಬಾಸ್ಟನ್ನಿನ 18 ಗಣ್ಯರು ಸಹಿ ಹಾಕಿದ ದೃಢೀಕರಣವನ್ನು ಆ ಪುಸ್ತಕದಲ್ಲಿ ಸೇರಿಸಬೇಕಾಯಿತು.

ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್‌ಗೆ ಬಾಲ್ಟಿಮೋರ್‌ನಲ್ಲಿ ಒಡತಿಯೇ ಅಕ್ಷರಮಾಲೆಯನ್ನು ಕಲಿಸತೊಡಗಿದ್ದಳು. ಆಕೆಯ ಗಂಡ ಅದನ್ನು ತಡೆದನು. ಬಳಿಕ ಬಾಲಕ ಡಗ್ಲಸ್ ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡನು. 1845ರಲ್ಲಿ ಪ್ರಕಟವಾದ ಆತನ ಆತ್ಮಕಥನ ಗಂಭೀರವಾದ ಶಿಷ್ಟ ಇಂಗ್ಲಿಷಿನಲ್ಲಿದೆ. ಹ್ಯಾರಿಯಟ್ ಜೇಕಬ್ಸ್‌ಳ 1861ರ ಆತ್ಮಕಥನದಲ್ಲಿ ನಿರೂಪಕಿ ಶಿಷ್ಟಭಾಷೆಯಲ್ಲಿ ಬರೆದರೆ, ಇತರ ಕೆಲವು ಪಾತ್ರಗಳ ಮಾತು ಉಪಭಾಷೆಯಲ್ಲಿದೆ. ಮನುಷ್ಯತ್ವವನ್ನೇ ಸಾಬೀತುಪಡಿಸಬೇಕಾದ ಒತ್ತಡದಲ್ಲಿದ್ದ ಈ ಲೇಖಕರಿಗೆ ಶಿಷ್ಟಭಾಷೆ ಒಂದು ಆಯುಧವಾಗಿತ್ತು.

'ಹಕಲ್‌ಬೆರಿ ಫಿನ್' ಮತ್ತು ಅದರ ವಿವಾದ

ಮಾರ್ಕ್ ಟ್ವೇನ್ (1835–1910) ಬರೆದ 'ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್' 1884ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಕೆನಡಾಗಳಲ್ಲಿಯೂ 1885ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು. ಮನೆ ಬಿಟ್ಟು ಓಡಿದ ಹಕ್ ಎಂಬ ಬಾಲಕ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡ ಜಿಮ್ ಮಿಸಿಸಿಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುವ ಕಥೆಯಿದು. ಆಡುಭಾಷೆಯ ಬಳಕೆಯಲ್ಲಿ ಈ ಕೃತಿಯ ಹೊಸತನ ಒಂದು ಮುಖ್ಯ ಅಂಶದಲ್ಲಿದೆ. ಅದಕ್ಕೆ ಮೊದಲು ಉಪಭಾಷೆ ಸಾಮಾನ್ಯವಾಗಿ ಹಾಸ್ಯಪಾತ್ರಗಳ ಸಂಭಾಷಣೆಗೆ ಮೀಸಲಾಗಿದ್ದು, ಸುತ್ತಲಿನ ನಿರೂಪಣೆ ಶಿಷ್ಟಭಾಷೆಯಲ್ಲಿರುತ್ತಿತ್ತು. ಟ್ವೇನ್ ಇಡೀ ಕಾದಂಬರಿಯನ್ನು ಸರಿಯಾದ ಶಾಲಾ ಶಿಕ್ಷಣವಿಲ್ಲದ ಹುಡುಗನ ಬಾಯಿಂದಲೇ ಹೇಳಿಸಿದನು. ಪುಸ್ತಕದ ಆರಂಭದ ಟಿಪ್ಪಣಿಯಲ್ಲಿ, ತಾನು ಹಲವು ಉಪಭಾಷೆಗಳನ್ನು ಎಚ್ಚರಿಕೆಯಿಂದ ಬೇರ್ಪಡಿಸಿ ಬಳಸಿರುವುದಾಗಿ ಆತ ತಿಳಿಸಿದ್ದಾನೆ.

ಹಕ್‌ನ ದನಿಯ ಮೂಲದ ಬಗ್ಗೆ ಚರ್ಚೆ ನಡೆದಿದೆ. ಟ್ವೇನ್ 1874ರಲ್ಲಿ ಪ್ರಕಟಿಸಿದ 'ಸೋಷಿಯಬಲ್ ಜಿಮ್ಮಿ' ಎಂಬ ಲೇಖನದಲ್ಲಿ ಕಪ್ಪು ಬಾಲಕನೊಬ್ಬನ ಮಾತುಗಾರಿಕೆಯನ್ನು ದಾಖಲಿಸಿದ್ದನು. ಆ ದನಿಯೇ ಹಕ್‌ನ ನಿರೂಪಣೆಗೆ ಪ್ರೇರಣೆಯೆಂದು ವಿದ್ವಾಂಸೆ ಶೆಲ್ಲಿ ಫಿಶರ್ ಫಿಶ್ಕಿನ್ 1993ರ ತಮ್ಮ ಗ್ರಂಥದಲ್ಲಿ ವಾದಿಸಿದರು.

1885ರಲ್ಲಿ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಸಾರ್ವಜನಿಕ ಗ್ರಂಥಾಲಯವು ಭಾಷೆ ಮತ್ತು ನಡತೆ ಒರಟೆಂಬ ಕಾರಣಕ್ಕೆ ಈ ಪುಸ್ತಕವನ್ನು ಹೊರಗಿಟ್ಟಿತು. 20ನೆಯ ಶತಮಾನದಲ್ಲಿ ಆಕ್ಷೇಪದ ಸ್ವರೂಪ ಬದಲಾಯಿತು. ಕಪ್ಪು ಜನರನ್ನು ಹೀನಾಯಗೊಳಿಸುವ ನಿಂದನಾಪದವೊಂದು ಕೃತಿಯಲ್ಲಿ 200ಕ್ಕೂ ಹೆಚ್ಚು ಬಾರಿ ಬರುತ್ತದೆ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗ ಕಪ್ಪು ವಿದ್ಯಾರ್ಥಿಗಳಿಗಾಗುವ ಅವಮಾನವನ್ನು ಪೋಷಕರು ಎತ್ತಿ ತೋರಿಸಿದರು. 2011ರಲ್ಲಿ ಪ್ರಾಧ್ಯಾಪಕ ಅಲನ್ ಗ್ರಿಬನ್ ಸಂಪಾದಿಸಿದ ಆವೃತ್ತಿಯಲ್ಲಿ ಆ ಪದಕ್ಕೆ ಬದಲಾಗಿ 'ಗುಲಾಮ' ಎಂಬ ಅರ್ಥದ ಪದವನ್ನು ಬಳಸಲಾಯಿತು. ಇದರಿಂದ ಕೃತಿಯು ಶಾಲೆಗಳಿಗೆ ಮರಳುತ್ತದೆಂದು ಕೆಲವರು ಸಮರ್ಥಿಸಿದರೆ, ಇತಿಹಾಸದ ಕ್ರೌರ್ಯವನ್ನೇ ಮರೆಮಾಚಿದಂತಾಯಿತೆಂದು ಇತರರು ವಿರೋಧಿಸಿದರು.

ಪರ್ಸಿವಲ್ ಎವರೆಟ್‌ರ 2024ರ ಕಾದಂಬರಿ 'ಜೇಮ್ಸ್' ಇದೇ ಕಥೆಯನ್ನು ಜಿಮ್‌ನ ದೃಷ್ಟಿಯಿಂದ ಹೇಳುತ್ತದೆ. ಇದರಲ್ಲಿ ಗುಲಾಮರು ತಮ್ಮ ನಡುವೆ ಶಿಷ್ಟ ಇಂಗ್ಲಿಷನ್ನು ಆಡುತ್ತಾರೆ. ಬಿಳಿಯರ ಎದುರಿನಲ್ಲಿ ಮಾತ್ರ ಅವರು ನಿರೀಕ್ಷಿಸುವ ಉಪಭಾಷೆಯನ್ನು ವೇಷದಂತೆ ಧರಿಸುತ್ತಾರೆ. ಈ ಕೃತಿಗೆ 2024ರ ನ್ಯಾಷನಲ್ ಬುಕ್ ಅವಾರ್ಡ್ ಮತ್ತು 2025ರ ಪುಲಿಟ್ಜರ್ ಪ್ರಶಸ್ತಿ ದೊರೆತವು.

ಉಪಭಾಷಾ ಬರಹದ ಇಕ್ಕಟ್ಟು

ಅಂತರ್ಯುದ್ಧದ (1861–1865) ನಂತರ ಉಪಭಾಷೆಯ ಕಥೆಗಳು ಪತ್ರಿಕೆಗಳಲ್ಲಿ ಜನಪ್ರಿಯವಾದವು. ಬಿಳಿಯ ಲೇಖಕ ಜೋಯಲ್ ಚಾಂಡ್ಲರ್ ಹ್ಯಾರಿಸ್ 1880ರಲ್ಲಿ 'ಅಂಕಲ್ ರೀಮಸ್' ಕಥೆಗಳನ್ನು ಪುಸ್ತಕವಾಗಿ ಹೊರತಂದನು. ಇವು ಕಪ್ಪು ಜನರ ಜಾನಪದವನ್ನು ಉಳಿಸಿದವಾದರೂ, ಗುಲಾಮಗಿರಿಯ ಕಾಲವನ್ನು ನೆಮ್ಮದಿಯ ಕಾಲವೆಂಬಂತೆ ಚಿತ್ರಿಸಿದವೆಂಬ ಟೀಕೆಗೆ ಗುರಿಯಾದವು. ಕಪ್ಪು ಲೇಖಕ ಚಾರ್ಲ್ಸ್ ಚೆಸ್ನಟ್ 1899ರ 'ದಿ ಕಾಂಜರ್ ವುಮನ್' ಸಂಕಲನದಲ್ಲಿ ಅದೇ ಮಾದರಿಯನ್ನು ತಿರುಗಿಸಿ, ಮುದುಕ ಜೂಲಿಯಸ್ ಹೇಳುವ ಕಥೆಗಳ ಮೂಲಕ ಗುಲಾಮಗಿರಿಯ ಹಿಂಸೆಯನ್ನು ಬಯಲಿಗೆಳೆದನು.

ಗುಲಾಮಗಿರಿಯನ್ನು ಕಂಡ ತಂದೆತಾಯಿಗಳ ಮಗನಾದ ಪಾಲ್ ಲಾರೆನ್ಸ್ ಡನ್‌ಬಾರ್ (1872–1906) ಶಿಷ್ಟಭಾಷೆ ಮತ್ತು ಉಪಭಾಷೆ ಎರಡರಲ್ಲಿಯೂ ಕವಿತೆ ಬರೆದನು. ಪ್ರಭಾವಶಾಲಿ ವಿಮರ್ಶಕ ವಿಲಿಯಂ ಡೀನ್ ಹೋವೆಲ್ಸ್ 1896ರಲ್ಲಿ ಆತನ ಉಪಭಾಷಾ ಕವಿತೆಗಳನ್ನು ವಿಶೇಷವಾಗಿ ಮೆಚ್ಚಿದನು. ಆ ಮೆಚ್ಚುಗೆ ಕೀರ್ತಿಯನ್ನು ತಂದಿತು. ಆದರೆ ಓದುಗರು ಆತನಿಂದ ಉಪಭಾಷೆಯನ್ನು ಮಾತ್ರ ಬಯಸತೊಡಗಿದರು. ಈ ಬಂಧನ ಡನ್‌ಬಾರ್‌ನನ್ನು ಕೊನೆಯವರೆಗೂ ಕಾಡಿತು. 1922ರಲ್ಲಿ ಜೇಮ್ಸ್ ವೆಲ್ಡನ್ ಜಾನ್ಸನ್, ರೂಢಿಗತ ಉಪಭಾಷಾ ಕಾವ್ಯಕ್ಕೆ ಹಾಸ್ಯ ಮತ್ತು ಕರುಣೆ ಎಂಬ ಎರಡೇ ಸ್ವರಗಳು ಸಾಧ್ಯವೆಂದು ವಿಮರ್ಶಿಸಿದನು. ಆತನ 'ಗಾಡ್ಸ್ ಟ್ರಾಂಬೋನ್ಸ್' (1927) ಕಪ್ಪು ಬೋಧಕರ ಉಪದೇಶದ ಲಯವನ್ನು ಉಳಿಸಿಕೊಂಡು, ಅಕ್ಷರ ತಿರುಚಿದ ಕಾಗುಣಿತವನ್ನು ಕೈಬಿಟ್ಟಿತು.

ಜೋರಾ ನೀಲ್ ಹರ್ಸ್ಟನ್ ಬೇರೊಂದು ನಿಲುವನ್ನು ತಳೆದಳು. ಕಪ್ಪು ಜನರ ಪಟ್ಟಣವಾದ ಫ್ಲಾರಿಡಾದ ಈಟನ್‌ವಿಲ್‌ನಲ್ಲಿ ಬೆಳೆದು, ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್‌ನ ಬಳಿ ಅಧ್ಯಯನ ಮಾಡಿದ ಆಕೆಗೆ ಜನರ ಮಾತೇ ಕಲೆಯಾಗಿತ್ತು. ಗುಲಾಮರನ್ನು ಅಮೆರಿಕಕ್ಕೆ ತಂದ ಕೊನೆಯ ಹಡಗೆಂದು ಹೇಳಲಾಗುವ 'ಕ್ಲೋಟಿಲ್ಡಾ'ದಲ್ಲಿ 1860ರಲ್ಲಿ ಬಂದಿದ್ದ ಕುಡ್ಜೊ ಲೂಯಿಸ್‌ನನ್ನು ಆಕೆ ಅಲಬಾಮಾದಲ್ಲಿ ಸಂದರ್ಶಿಸಿ, ಆತನ ಕಥೆಯನ್ನು ಆತನದೇ ಮಾತಿನಲ್ಲಿ ಬರೆದಳು. ಅದನ್ನು ಶಿಷ್ಟಭಾಷೆಗೆ ತಿರುಗಿಸಿದರೆ ಪ್ರಕಟಿಸಬಹುದೆಂದು ಪ್ರಕಾಶಕರು ಸೂಚಿಸಿದರು. ಹರ್ಸ್ಟನ್ ಒಪ್ಪಲಿಲ್ಲ. 1931ರಲ್ಲಿ ಸಿದ್ಧವಾಗಿದ್ದ ಆ ಕೃತಿ 'ಬರಾಕೂನ್' ಎಂಬ ಹೆಸರಿನಲ್ಲಿ 2018ರಲ್ಲಿ, ಆಕೆ ತೀರಿಕೊಂಡ 58 ವರ್ಷಗಳ ನಂತರ ಬೆಳಕು ಕಂಡಿತು.

ಆಕೆಯ 1937ರ ಕಾದಂಬರಿ 'ದೇರ್ ಐಸ್ ವರ್ ವಾಚಿಂಗ್ ಗಾಡ್' ಕೃತಿಯನ್ನು ಲೇಖಕ ರಿಚರ್ಡ್ ರೈಟ್ ಕಟುವಾಗಿ ಟೀಕಿಸಿ, ಅದು ಬಿಳಿಯ ಓದುಗರ ರಂಜನೆಗೆ ಒದಗುತ್ತದೆ ಎಂದನು. 1960ರಲ್ಲಿ ಹರ್ಸ್ಟನ್ ಬಡತನದಲ್ಲಿ ತೀರಿಕೊಂಡಾಗ ಆಕೆಯ ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಅಲ್ಲಿ ಕಲ್ಲು ನಿಲ್ಲಿಸಿದರು. ಬಳಿಕ ಹರ್ಸ್ಟನ್‌ಳ ಕೃತಿಗಳ ಮರುಓದು ಆರಂಭವಾಯಿತು.

ಸಂದರ್ಶನಗಳ ದಾಖಲೆ

1936ರಿಂದ 1938ರವರೆಗೆ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಸರ್ಕಾರಿ ಯೋಜನೆಯು ಒಂದು ಕಾಲದಲ್ಲಿ ಗುಲಾಮರಾಗಿದ್ದ ಹಿರಿಯರನ್ನು 17 ರಾಜ್ಯಗಳಲ್ಲಿ ಸಂದರ್ಶಿಸಿತು. 2,300ಕ್ಕೂ ಹೆಚ್ಚು ಕಥನಗಳು ಇದರಿಂದ ಸಂಗ್ರಹವಾಗಿ, ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಲಭ್ಯವಿವೆ. ಇವುಗಳ ಭಾಷೆಯನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಸಂದರ್ಶಕರಲ್ಲಿ ಬಹುಪಾಲು ಬಿಳಿಯರಾಗಿದ್ದರು. ಅವರು ಕೇಳಿದ್ದನ್ನು ನೆನಪು ಮತ್ತು ಟಿಪ್ಪಣಿಗಳಿಂದ ಬರೆದರು. ಕಾಗುಣಿತವನ್ನು ತಮ್ಮ ಕಲ್ಪನೆಯ ಕಪ್ಪು ಉಚ್ಚಾರಣೆಗೆ ಹೊಂದಿಸಿದ ಉದಾಹರಣೆಗಳೂ ಇವೆ. ಯೋಜನೆಯಲ್ಲಿದ್ದ ಕವಿ ಸ್ಟರ್ಲಿಂಗ್ ಬ್ರೌನ್, ಉಚ್ಚಾರಣೆಯನ್ನು ಅಕ್ಷರಗಳಲ್ಲಿ ಅಣಕಿಸುವುದಕ್ಕಿಂತ ನುಡಿಗಟ್ಟಿನ ಸತ್ಯವನ್ನು ಹಿಡಿಯುವುದು ಮುಖ್ಯವೆಂದು ಸಲಹೆ ನೀಡಿದ್ದನು.

ವಲಸಿಗರ ಭಾಷೆ

ಹೆನ್ರಿ ರಾತ್‌ನ 'ಕಾಲ್ ಇಟ್ ಸ್ಲೀಪ್' (1934) ನ್ಯೂಯಾರ್ಕಿನ ಯಹೂದಿ ವಲಸಿಗರ ಮಗನೊಬ್ಬನ ಕಥೆ. ಮನೆಯಲ್ಲಿ ಆಡುವ ಯಿಡ್ಡಿಷ್ ಮಾತು ಇದರಲ್ಲಿ ಸುಸಂಸ್ಕೃತ ಇಂಗ್ಲಿಷಾಗಿ ಕಾಣಿಸುತ್ತದೆ. ಬೀದಿಯಲ್ಲಿ ಆಡುವ ಇಂಗ್ಲಿಷ್ ಮಾತ್ರ ಒಡೆದ ಕಾಗುಣಿತದಲ್ಲಿದೆ. ಹೀಗೆ ಶ್ರೇಷ್ಠ ಮತ್ತು ಕನಿಷ್ಠ ಎಂಬ ಎಣಿಕೆಯನ್ನು ಲೇಖಕ ತಲೆಕೆಳಗು ಮಾಡಿದ್ದಾನೆ. ಮೆಕ್ಸಿಕೊ ಗಡಿಯ ಬದುಕನ್ನು ಕುರಿತ ಗ್ಲೋರಿಯಾ ಆನ್ಸಾಲ್ಡುವಾಳ 'ಬಾರ್ಡರ್‌ಲ್ಯಾಂಡ್ಸ್' (1987) ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ಗಳನ್ನು ಬೆರೆಸಿ ಬರೆದ ಕೃತಿ. ಅದರಲ್ಲಿನ ಎಲ್ಲ ಸ್ಪ್ಯಾನಿಷ್ ಭಾಗಗಳಿಗೂ ಅನುವಾದವಿಲ್ಲ.

ಭಾಷಾಶಾಸ್ತ್ರದ ದೃಷ್ಟಿ

ಎಚ್. ಎಲ್. ಮೆಂಕೆನ್‌ನ 'ದಿ ಅಮೆರಿಕನ್ ಲ್ಯಾಂಗ್ವೇಜ್' (1919) ಅಮೆರಿಕದ ಮಾತನ್ನು ಸ್ವತಂತ್ರವಾಗಿ ಅಧ್ಯಯನ ಮಾಡಿದ ಪ್ರಸಿದ್ಧ ಗ್ರಂಥ. ಪ್ರಾದೇಶಿಕ ಇಂಗ್ಲಿಷಿನ ಬೃಹತ್ ನಿಘಂಟಿಗಾಗಿ ಫ್ರೆಡರಿಕ್ ಕ್ಯಾಸಿಡಿಯ ನೇತೃತ್ವದಲ್ಲಿ 1965ರಿಂದ 1970ರವರೆಗೆ 1,002 ಊರುಗಳಲ್ಲಿ ಕ್ಷೇತ್ರಕಾರ್ಯ ನಡೆಯಿತು. ಅದರ ಮೊದಲ ಸಂಪುಟ 1985ರಲ್ಲಿ ಪ್ರಕಟವಾಯಿತು.

ವಿಲಿಯಂ ಲಬಾವ್ ಮೊದಲಾದವರ ಸಂಶೋಧನೆಯು ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ತಪ್ಪುಗಳ ರಾಶಿಯಲ್ಲ, ನಿಯಮಬದ್ಧ ವ್ಯವಸ್ಥೆ ಎಂಬುದನ್ನು ತೋರಿಸಿತು. ಉದಾಹರಣೆಗೆ, 'ಹಿ ವರ್ಕಿಂಗ್' ಎಂದರೆ ಆತ ಈಗ ಕೆಲಸ ಮಾಡುತ್ತಿದ್ದಾನೆ ಎಂದೂ, 'ಹಿ ಬಿ ವರ್ಕಿಂಗ್' ಎಂದರೆ ಆತ ಸಾಮಾನ್ಯವಾಗಿ ಕೆಲಸದಲ್ಲಿರುತ್ತಾನೆ ಎಂದೂ ಅರ್ಥ. ಶಿಷ್ಟ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾರೂಪ ಇಷ್ಟು ಸ್ಪಷ್ಟವಾಗಿ ಈ ಭೇದವನ್ನು ತೋರುವುದಿಲ್ಲ. 'ಇರು' ಎಂಬರ್ಥದ ಕ್ರಿಯಾಪದ ಲೋಪವಾಗುವುದು ಭಾಷೆಗಳಲ್ಲಿ ಅಪರೂಪವೂ ಅಲ್ಲ. 'ಅವನು ವೈದ್ಯ' ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಆದರೂ ಅದು ಪೂರ್ಣ ವಾಕ್ಯ.

ಈ ಅರಿವು ನ್ಯಾಯಾಲಯವನ್ನೂ ತಲುಪಿತು. 1979ರಲ್ಲಿ ಮಿಷಿಗನ್‌ನ ಆನ್ ಆರ್ಬರ್ ಪ್ರಕರಣದಲ್ಲಿ, ಓದು ಕಲಿಸುವಾಗ ಮಕ್ಕಳ ಮನೆಮಾತನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ನ್ಯಾಯಾಧೀಶರು ಆದೇಶಿಸಿದರು. 1996ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಶಾಲಾ ಮಂಡಳಿ ಇದೇ ದಿಕ್ಕಿನಲ್ಲಿ ಕೈಗೊಂಡ ನಿರ್ಣಯವು ದೇಶವ್ಯಾಪಿ ವಿವಾದಕ್ಕೆ ಕಾರಣವಾಯಿತು. ಮರುತಿಂಗಳು ಅಮೆರಿಕದ ಭಾಷಾಶಾಸ್ತ್ರಜ್ಞರ ಸಂಘ ಆ ಮಾತಿನ ನಿಯಮಬದ್ಧತೆಯನ್ನು ಎತ್ತಿಹಿಡಿದು ಠರಾವು ಅಂಗೀಕರಿಸಿತು.

ಕನ್ನಡದೊಂದಿಗಿನ ನಂಟು

ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ (1929–1993) ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರವನ್ನು ಅಭ್ಯಸಿಸಿ, ನಂತರ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಅವರ 'ಸ್ಪೀಕಿಂಗ್ ಆಫ್ ಶಿವ' (1973) ಬಸವಣ್ಣ, ದೇವರ ದಾಸಿಮಯ್ಯ, ಅಲ್ಲಮಪ್ರಭು ಮತ್ತು ಅಕ್ಕಮಹಾದೇವಿಯರ ವಚನಗಳ ಇಂಗ್ಲಿಷ್ ಅನುವಾದ. ವಿದ್ವತ್ತಿನ ಸಂಸ್ಕೃತಕ್ಕೆ ಬದಲಾಗಿ ಜನರ ಕನ್ನಡವನ್ನು ಆರಿಸಿಕೊಂಡ ವಚನಗಳಿಗೆ ರಾಮಾನುಜನ್ ಹಳೆಯ ಗ್ರಾಂಥಿಕ ಇಂಗ್ಲಿಷನ್ನು ಬಳಸದೆ, ಮಾತಿನ ಲಯಕ್ಕೆ ಹತ್ತಿರವಾದ ಆಧುನಿಕ ಇಂಗ್ಲಿಷನ್ನು ಬಳಸಿದರು.

ವಿದ್ಯಾರ್ಥಿಗಳಿಗೆ ಸಂಶೋಧನಾ ಪ್ರಶ್ನೆಗಳು

ಉತ್ತಮ ಸಂಶೋಧನಾ ಪ್ರಶ್ನೆಯು ನಿರ್ದಿಷ್ಟ ಪಠ್ಯ, ನಿರ್ದಿಷ್ಟ ಕಾಲ ಮತ್ತು ಪರಿಶೀಲಿಸಬಹುದಾದ ಆಧಾರಗಳನ್ನು ಹೊಂದಿರುತ್ತದೆ. 'ಅಮೆರಿಕನ್ ಸಾಹಿತ್ಯದಲ್ಲಿ ಜನಾಂಗಭೇದ' ಎಂಬುದು ವಿಷಯ ಮಾತ್ರ, ಪ್ರಶ್ನೆಯಲ್ಲ. ಈ ಕ್ಷೇತ್ರದಲ್ಲಿ ಕೈಗೆತ್ತಿಕೊಳ್ಳಬಹುದಾದ ಕೆಲವು ಪ್ರಶ್ನೆಗಳು ಇಂತಿವೆ:

1. ವೆಬ್‌ಸ್ಟರ್ ಸೂಚಿಸಿದ ಕಾಗುಣಿತಗಳಲ್ಲಿ ಕೆಲವು ಉಳಿದು ಕೆಲವು ಅಳಿದದ್ದು ಏಕೆ?

2. ಡಿಕಿನ್ಸನ್‌ಳ ಒಂದೇ ಕವಿತೆಯ 1890 ಮತ್ತು 1955ರ ಪಾಠಗಳಲ್ಲಿ ಅರ್ಥ ಎಲ್ಲಿ ಬದಲಾಗುತ್ತದೆ?

3. ಡಗ್ಲಸ್ ತನ್ನ ಆತ್ಮಕಥನದಲ್ಲಿ ಶಿಷ್ಟಭಾಷೆಯನ್ನು ಆರಿಸಿಕೊಂಡದ್ದಕ್ಕೂ ಅಕ್ಷರ ಕಲಿಕೆಯನ್ನು ನಿಷೇಧಿಸಿದ ಕಾನೂನುಗಳಿಗೂ ಯಾವ ಸಂಬಂಧವಿದೆ?

4. 'ಹಕಲ್‌ಬೆರಿ ಫಿನ್' ಕೃತಿಯಲ್ಲಿ ಹಕ್ ಮತ್ತು ಜಿಮ್ ಒಂದೇ ಪದವನ್ನು ಉಚ್ಚರಿಸುವಾಗ ಕಾಗುಣಿತ ಹೇಗೆ ಬೇರೆಯಾಗುತ್ತದೆ? ಆ ವ್ಯತ್ಯಾಸ ಓದುಗರ ಗೌರವವನ್ನು ಯಾರ ಕಡೆಗೆ ಒಯ್ಯುತ್ತದೆ? 'ಜೇಮ್ಸ್' ಇದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ?

5. ಫೆಡರಲ್ ರೈಟರ್ಸ್ ಪ್ರಾಜೆಕ್ಟಿನ ಕಥನಗಳಲ್ಲಿ ಕಪ್ಪು ಸಂದರ್ಶಕರು ಮತ್ತು ಬಿಳಿಯ ಸಂದರ್ಶಕರು ಬರೆದುಕೊಂಡ ಭಾಷೆಯಲ್ಲಿ ಯಾವ ವ್ಯತ್ಯಾಸಗಳು ಕಾಣುತ್ತವೆ?

6. ಡನ್‌ಬಾರ್, ಜಾನ್ಸನ್ ಮತ್ತು ಹರ್ಸ್ಟನ್ ಉಪಭಾಷೆಯ ಬಗ್ಗೆ ತಳೆದ ಮೂರು ನಿಲುವುಗಳಿಗೆ ಅವರವರ ಓದುಗ ವರ್ಗ ಎಷ್ಟರಮಟ್ಟಿಗೆ ಕಾರಣ?

7. ನಿಂದನಾಪದಗಳಿರುವ ಹಳೆಯ ಕೃತಿಯನ್ನು ತರಗತಿಯಲ್ಲಿ ಬೋಧಿಸುವಾಗ ಪಠ್ಯದ ಸಮಗ್ರತೆ ಮತ್ತು ವಿದ್ಯಾರ್ಥಿಯ ಘನತೆ ಎರಡನ್ನೂ ಕಾಪಾಡುವ ಕ್ರಮ ಯಾವುದು?

8. ಅಮೆರಿಕನ್ ಉಪಭಾಷೆಯ ಕೃತಿಯನ್ನು ಕನ್ನಡಕ್ಕೆ ತರುವಾಗ ಕರ್ನಾಟಕದ ಒಂದು ಪ್ರಾದೇಶಿಕ ಕನ್ನಡವನ್ನು ಬಳಸಿದರೆ ಯಾವ ಸಾಮಾಜಿಕ ಅರ್ಥಗಳು ಹೊಸದಾಗಿ ಸೇರುತ್ತವೆ, ಯಾವುವು ಬಿಟ್ಟುಹೋಗುತ್ತವೆ?

ಇವುಗಳಲ್ಲಿ ಯಾವುದನ್ನು ಆರಿಸಿದರೂ ಮೂಲ ಪಠ್ಯದ ಆವೃತ್ತಿ, ಪ್ರಕಟವಾದ ವರ್ಷ ಮತ್ತು ಸಂಪಾದಕರ ಹಸ್ತಕ್ಷೇಪವನ್ನು ಮೊದಲು ಗುರುತಿಸಿಕೊಳ್ಳುವುದು ಅಗತ್ಯ. ಪುಟದ ಮೇಲಿರುವ ಮಾತು ಆಡಿದವರದೋ, ಕೇಳಿ ಬರೆದವರದೋ, ನಂತರ ತಿದ್ದಿದವರದೋ ಎಂಬುದು ತಿಳಿಯದೆ ಆ ಭಾಷೆಯ ಬಗ್ಗೆ ತೀರ್ಮಾನಕ್ಕೆ ಬರಲಾಗದು.